ಎದುರು ಕಟ್ಟಡದ ಪ್ಲಾಟಿನಂ

ಎದುರು ಕಟ್ಟಡದ ಬಾಗಿಲ ಪಕ್ಕದಲ್ಲಿ ಒಂದು ಗಾಜಿನ ಫಲಕವಿತ್ತು. ಬೆಳಗಿನ ಬಿಸಿಲು ಬಿದ್ದರೆ ಅದರ ಹೊಳಪು ರಸ್ತೆ ದಾಟಿ ನಮ್ಮ ಸೈಟಿನ ಗೇಟಿನವರೆಗೆ ಬರುತ್ತಿತ್ತು. ದಿನಾ ಆಟೊ ಇಳಿದ ತಕ್ಷಣ ನಾನು ನೋಡುತ್ತಿದ್ದದ್ದು ನಮ್ಮ ಕಟ್ಟಡವನ್ನಲ್ಲ, ಆ ಫಲಕವನ್ನು. ಪರಿಸರಸ್ನೇಹಿ ಕಟ್ಟಡ, ಪ್ಲಾಟಿನಂ ದರ್ಜೆ ಎಂದು ಅದರ ಮೇಲೆ ಕೆತ್ತಿತ್ತು. ಆ ದರ್ಜೆ ಕೊಡಿಸಿದವಳು ಒಂದು ಕಾಲದಲ್ಲಿ ನನ್ನ ಕೈಕೆಳಗೆ ಕೆಲಸ ಕಲಿತವಳು. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತಿತ್ತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಏನೂ ಅರ್ಥವಿಲ್ಲ.

ನನ್ನದು ಕಟ್ಟಡ ಕಟ್ಟಿಸುವವರಿಗೂ ಪ್ರಮಾಣಪತ್ರ ಕೊಡುವ ಮಂಡಳಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವ ಕೆಲಸ. ಮಳೆನೀರು ಹಿಡಿದಿಟ್ಟರೆ ಇಷ್ಟು ಅಂಕ, ಬಿಸಿಲಿನ ಶಾಖ ತಡೆದರೆ ಇಷ್ಟು, ಕರೆಂಟು ಉಳಿಸಿದರೆ ಇಷ್ಟು, ಒಳಗಿನ ಗಾಳಿ ಚೆನ್ನಾಗಿದ್ದರೆ ಇಷ್ಟು. ಎಲ್ಲ ಕೂಡಿಸಿದ ಮೇಲೆ ಬೆಳ್ಳಿಯೋ ಚಿನ್ನವೋ, ಅದಕ್ಕೂ ಮೇಲೆ ಪ್ಲಾಟಿನಂ. ಒಂದೊಂದು ಅಂಕಕ್ಕೂ ನಕ್ಷೆ, ಫೋಟೊ, ಪರೀಕ್ಷೆಯ ವರದಿ ಒಪ್ಪಿಸಬೇಕು. ನಾನು ಕೈಹಾಕಿದ ಕಟ್ಟಡಗಳಿಗೆ ಚಿನ್ನ ಸಲೀಸಾಗಿ ಬರುತ್ತಿತ್ತು. ಪ್ಲಾಟಿನಂ ಮಾತ್ರ ಒಂದೂ ಬಂದಿರಲಿಲ್ಲ. ಅವಳಿಗೆ ಆಗಲೇ ಮೂರು ಬಂದಿದ್ದವು.

ಅವಳನ್ನು ನಾನು ಈಗಲೂ ಜೂನಿಯರ್ ಎಂದೇ ಕರೆಯುವುದು. ಕಾಲೇಜು ಮುಗಿಸಿ ನೇರವಾಗಿ ಜಯನಗರದ ನನ್ನ ಆಫೀಸಿಗೆ ಬಂದಿದ್ದಳು. ಒಂದು ಕಟ್ಟಡ ದಿನಕ್ಕೆ ಎಷ್ಟು ನೀರು ಕುಡಿಯುತ್ತದೆ, ಎಷ್ಟನ್ನು ಶುದ್ಧ ಮಾಡಿ ಗಿಡಕ್ಕೆ ಬಿಡಬಹುದು ಎಂಬ ಲೆಕ್ಕವನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿಕೊಟ್ಟವಳು ನಾನೇ. ಆಮೇಲೆ ಬನಶಂಕರಿಯಲ್ಲಿ ಸ್ವಂತ ಆಫೀಸು ತೆರೆದಳು. ಜಗಳವಾಡಿಕೊಂಡು ಹೋಗಿದ್ದರೆ ಎಷ್ಟೋ ವಾಸಿಯಿತ್ತು. ಮೈಸೂರುಪಾಕಿನ ಡಬ್ಬಿ ತಂದು, ಕಾಲಿಗೆ ನಮಸ್ಕಾರ ಮಾಡಿ ಹೋದಳು. ಅಂಥವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಕಾರಣ ಹುಡುಕುವುದೇ ನನಗೊಂದು ಕೆಲಸವಾಯಿತು. ಅವಳು ಬ್ಯಾಟರಿ ಸ್ಕೂಟರಿನಲ್ಲಿ ಓಡಾಡುತ್ತಾಳೆ, ನಾನು ಬನ್ನೇರುಘಟ್ಟ ರಸ್ತೆಯ ಹೊಗೆ ಕುಡಿದುಕೊಂಡು ಆಟೊದಲ್ಲಿ ಬರುತ್ತೇನೆ. ಪರಿಸರದ ವಿಷಯಕ್ಕೆ ಬಂದರೆ ಅಲ್ಲೂ ಅವಳದೇ ಮೇಲುಗೈ.

ಆಫೀಸುಗಳಿಗೆ ಬಾಡಿಗೆಗೆ ಕೊಡಲು ಕಟ್ಟುತ್ತಿದ್ದ ನಮ್ಮ ಕಟ್ಟಡದ ಯಜಮಾನರು ಜರಗನಹಳ್ಳಿಯ ಹಳೆಯ ಕುಟುಂಬದವರು. ಒಂದು ಕಾಲಕ್ಕೆ ಅವರ ಮನೆತನದ ರಾಗಿ ಹೊಲವಾಗಿದ್ದ ಜಾಗದ ಮಧ್ಯೆ ಈಗ ರಸ್ತೆ ಹೋಗಿದೆ. ರಸ್ತೆಯ ಈ ಕಡೆ ಇವರದು, ಆ ಕಡೆ ಇವರ ಚಿಕ್ಕಪ್ಪನ ಮಗನದು. ಪಾಲಾದ ದಿನದಿಂದ ಇಬ್ಬರಿಗೂ ಮಾತಿಲ್ಲ. ಎದುರಿನ ಕಟ್ಟಡ ಆ ತಮ್ಮನದು. ಅವನಿಗೆ ಪ್ಲಾಟಿನಂ ಬಂದ ಸುದ್ದಿ ಕೇಳಿದ ಮೇಲೆಯೇ ಇವರು ನನ್ನನ್ನು ಕರೆಸಿದ್ದು.

"ಮೇಡಂ, ಚಿನ್ನ ಗಿನ್ನ ಎಲ್ಲ ಬ್ಯಾಡ. ಅವ್ನಿಗೆ ಪ್ಲಾಟಿನಂ ಬಂದದೆ ಅಂದ್ಮೇಲೆ ನಮ್ಗೂ ಅದೇ ಬರ್ಬೇಕು. ಅದ್ಕಿಂತ ಮ್ಯಾಲೆ ಏನಾರ ಐತಾ?"

"ಇಲ್ಲ ಸಾರ್, ಅದೇ ಕೊನೆ."

"ಛೇ," ಎಂದು ನಿಜವಾಗಿಯೂ ಬೇಸರ ಮಾಡಿಕೊಂಡರು. ಆಮೇಲೆ ಹೇಳಿದರು: "ಇದು ಬಂದ್ರೆ ಉತ್ತರಹಳ್ಳಿ ಸೈಟ್‌ದೂ ನಿಮ್ಗೇ ಕೊಡ್ತೀನಿ. ಬರ್ಲಿಲ್ಲ ಅಂದ್ರೆ ಎದುರುಗಡೆ ಮೇಡಂನೇ ಕೇಳ್ಬೇಕಾಯ್ತದೆ. ಬೇಜಾರ್ ಮಾಡ್ಕೊಬ್ಯಾಡಿ."

ಉತ್ತರಹಳ್ಳಿಯದು ದೊಡ್ಡ ಅಪಾರ್ಟ್‌ಮೆಂಟು. ಅದು ಸಿಕ್ಕಿದರೆ ನನ್ನ ಪುಟ್ಟ ಆಫೀಸು ಬಹಳ ಕಾಲ ಬೇರೆ ಕೆಲಸಕ್ಕೆ ಅಲೆಯಬೇಕಿರಲಿಲ್ಲ. ಆದರೆ ಆ ಕ್ಷಣ ನನ್ನ ತಲೆಯಲ್ಲಿ ನಿಂತದ್ದು ಕೆಲಸ ಹೋಗುವುದಲ್ಲ, ಅದು ಅವಳಿಗೆ ಹೋಗುವುದು. ಬೇರೆ ಯಾರಿಗಾದರೂ ಹೋದರೆ ನಾಲ್ಕು ದಿನ ಮಂಕಾಗಿ ಕೂತು ಸುಮ್ಮನಾಗುತ್ತಿದ್ದೆ. ನಾನು ಯಜಮಾನರಿಗೆ ಮಾತು ಕೊಟ್ಟು ಬಂದೆ.

ಕಟ್ಟಡ ಏಳುತ್ತಾ ಹೋದ ಹಾಗೆ ಅಂಕಗಳೂ ಒಂದೊಂದಾಗಿ ಸೇರಿದವು. ತಾರಸಿಗೆ ಬಿಸಿಲು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಬಳಿಸಿದೆ. ಅದರ ಮೇಲೆ ಸಂಡಿಗೆ ಒಣಹಾಕಬಾರದು ಎಂದು ಯಜಮಾನರ ಮನೆಯ ಹೆಂಗಸರಿಗೆ ಹೇಳುವುದಕ್ಕೆ ಬಣ್ಣ ಬಳಿಸಿದ್ದಕ್ಕಿಂತ ಹೆಚ್ಚು ಶ್ರಮವಾಯಿತು. ನಲ್ಲಿಗಳಿಗೆ ನೀರು ಕಡಿಮೆ ಬಿಡುವ ಮೂತಿ ಹಾಕಿಸಿದೆ. ಗೋಡೆಗೆ ವಾಸನೆ ಬಾರದ ಬಣ್ಣ, ಬಾಗಿಲಿಗೆ ನೀರಿನಲ್ಲಿ ಕಲಸುವ ಪಾಲಿಶ್. ಕೆಲಸ ಮುಗಿಯುತ್ತಾ ಬಂದಾಗ ಯಜಮಾನರು ಜಿರಳೆಗೆ ಔಷಧಿ ಹೊಡೆಸಲು ಜನ ಕರೆಸಿದ್ದರು. ಅವರನ್ನು ಗೇಟಿನಲ್ಲೇ ವಾಪಸು ಕಳಿಸಿದೆ. ಕಟ್ಟಡದ ಬೀಗದ ಕೈಗಳೆಲ್ಲ ಯಜಮಾನರ ಸೋದರತ್ತೆಯ ಹತ್ತಿರ ಇದ್ದವು. ಎಲ್ಲರೂ ಅತ್ತೆಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಒಂದು ಹನಿ ಔಷಧಿಯೂ ಒಳಗೆ ಬೀಳಕೂಡದು ಎಂದು ಅವರಿಗೂ ಹೇಳಿದೆ. "ಆಯ್ತು ಕಣವ್ವ, ಎಣ್ಣೆ ಹೊಡ್ಸಾಕಿಲ್ಲ," ಎಂದು ಒಪ್ಪಿಕೊಂಡರು.

ಕೊನೆಗೆ ಲೆಕ್ಕ ಹಾಕಿದಾಗ ಚಿನ್ನ ದಾಟಿದ್ದೆವು, ಪ್ಲಾಟಿನಂಗೆ ಎರಡು ಅಂಕ ಸಾಲದಾಗಿತ್ತು. ಉಳಿದಿದ್ದದ್ದು ಒಳಗಿನ ಗಾಳಿಯ ಪರೀಕ್ಷೆ ಒಂದೇ. ಅದಕ್ಕೆ ಎರಡು ಅಂಕ.

ಈ ಪರೀಕ್ಷೆಯ ಕ್ರಮ ಹೀಗೆ. ಬಣ್ಣ, ಮರಗೆಲಸ, ಬೀರು, ಮೇಜು ಎಲ್ಲ ಮುಗಿದಿರಬೇಕು, ಆದರೆ ಜನ ಬಂದು ಕೂತಿರಬಾರದು. ಕಿಟಕಿ ಮುಚ್ಚಿ, ಏಸಿಯನ್ನು ಮಾಮೂಲಿನಂತೆ ಓಡಿಸಬೇಕು. ಕೂತ ಮನುಷ್ಯನ ಮೂಗಿನ ಎತ್ತರಕ್ಕೆ ಸ್ಟ್ಯಾಂಡಿನ ಮೇಲೆ ಪುಟ್ಟ ಪಂಪುಗಳನ್ನಿಟ್ಟು, ಕೆಲವು ಗಂಟೆಗಳ ಕಾಲ ಗಾಳಿ ಎಳೆದು ಲ್ಯಾಬಿಗೆ ಕಳಿಸಬೇಕು. ಧೂಳು ಎಷ್ಟು, ಹೊಗೆ ಎಷ್ಟು, ಬಣ್ಣ ಅಂಟು ಪಾಲಿಶ್‌ಗಳಿಂದ ಏಳುವ ಆವಿ ಎಷ್ಟು ಎಂದು ಅವರು ಹೇಳುತ್ತಾರೆ. ಯಾವುದಾದರೂ ಒಂದು ಮಿತಿ ಮೀರಿದರೂ ಅಂಕ ಇಲ್ಲ. ಸರಿಪಡಿಸಿ, ಅದೇ ಜಾಗಗಳಲ್ಲಿ ಇನ್ನೊಮ್ಮೆ ಪರೀಕ್ಷೆ ಮಾಡಿಸಬಹುದು, ಆದರೆ ಜನ ಒಳಗೆ ಬರುವುದಕ್ಕೆ ಮುಂಚೆ. ನಮ್ಮಲ್ಲಿ ಪ್ರವೇಶದ ಪೂಜೆಗೆ ಮುಹೂರ್ತ ಇಟ್ಟಾಗಿತ್ತು. ಅದೇ ದಿನ ಬಾಡಿಗೆದಾರರ ಸಾಮಾನೂ ಬರುವುದಿತ್ತು.

ಪರೀಕ್ಷೆಗೆ ಮುಂಚಿನ ವಾರ ಯಜಮಾನರು ಎರಡನೆಯ ಮಹಡಿಯ ಹಾಲಿನಲ್ಲಿ ವಾಸ್ತುಹೋಮ ಇಟ್ಟುಕೊಂಡಿದ್ದೇವೆ ಎಂದರು. ನಾನು ಬೇಡವೇ ಬೇಡ ಎಂದೆ. ಮುಚ್ಚಿದ ಹಾಲಿನಲ್ಲಿ ತುಪ್ಪ, ಸಮಿತ್ತು, ಬೆರಣಿಯ ಹೊಗೆ ಎದ್ದರೆ ಅದು ಏಸಿಯ ಫಿಲ್ಟರಿನಲ್ಲಿ ಕೂತು ತಿಂಗಳಾದರೂ ಬಿಡುವುದಿಲ್ಲ.

"ಒಳಗೆ ಹೊಗೆ ಆಡ್ದಲೆ ಅದೆಂಥಾ ಹೋಮ ಮೇಡಂ?" ಎಂದರು ಯಜಮಾನರು.

ನಾನು ಶಾಸ್ತ್ರಿಗಳ ಕಾಲು ಹಿಡಿಯುವುದೊಂದು ಬಾಕಿ. ಕಟ್ಟಡದ ಈಶಾನ್ಯಕ್ಕೆ ತೆರೆದ ಅಂಗಳವಿದೆ, ಶಾಮಿಯಾನ ಹಾಕಿಸಿಕೊಡುತ್ತೇನೆ, ಗಾಳಿ ಕಟ್ಟಡದ ಕಡೆ ಬೀಸದ ಹೊತ್ತು ನೋಡಿ ಶುರುಮಾಡೋಣ ಎಂದೆಲ್ಲ ಹೇಳಿದೆ. ಅವರು ಸ್ವಲ್ಪ ಯೋಚಿಸಿ, "ಈಶಾನ್ಯ ಅಂದ್ರೆ ಇನ್ನೂ ಒಳ್ಳೇದೇ ಆಯ್ತಲ್ಲ. ಕಲಶದ ನೀರು ಒಳಗಡೆ ಪ್ರೋಕ್ಷಣೆ ಮಾಡಿದ್ರೆ ಸಾಕು," ಎಂದರು. ಹೋಮ ಹೊರಗೆ ನಡೆಯಿತು. ಕಿಟಕಿಗಳಿಗೆಲ್ಲ ಟೇಪು ಅಂಟಿಸಿ ನಾನು ಅಂಗಳದಲ್ಲಿ ನಿಂತಿದ್ದೆ. ಎದುರು ಕಟ್ಟಡದವಳಿಗೆ ಈ ಉಪಾಯ ಹೊಳೆಯುತ್ತಿತ್ತೇ ಎಂದು ಅಂದುಕೊಂಡೆ. ಬಹಳ ದಿನಗಳ ಮೇಲೆ ಅಂದು ಊಟ ರುಚಿಸಿತು.

ಲ್ಯಾಬಿನ ವರದಿ ಬಂದಾಗ ನಾನು ಮಡಿವಾಳ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ಅಲ್ಲೇ ಫೋನಿನಲ್ಲಿ ತೆರೆದು ನೋಡಿದೆ. ಧೂಳು ಸರಿ, ಹೊಗೆ ಸರಿ. ಆವಿ ಮಾತ್ರ ಮಿತಿ ದಾಟಿತ್ತು. ಅದೂ ಕೂದಲೆಳೆಯಷ್ಟಲ್ಲ, ಯಾವ ಸಮಜಾಯಿಷಿಗೂ ಬಗ್ಗದಷ್ಟು. ಸೊಪ್ಪನ್ನು ಅಲ್ಲೇ ಬಿಟ್ಟು ಬಂದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು.

ಪ್ರವೇಶದ ಪೂಜೆಗೆ ವಾರಕ್ಕಿಂತ ಸ್ವಲ್ಪ ಹೆಚ್ಚು ಉಳಿದಿತ್ತು. ಯಜಮಾನರಿಗೆ ಹೇಳಿದೆ. ಅವರು ಬೈಯಲಿಲ್ಲ. ಕಿಟಕಿಯಿಂದ ಎದುರು ಕಟ್ಟಡ ನೋಡಿ, "ಅವ್ರದ್ದು ಮೊದಲ್ನೇ ಸಲಕ್ಕೇ ಆಯ್ತಂತೆ," ಎಂದರು ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು.

ಮೊದಲು ಮಾಡುವುದು ಗಾಳಿ ತೊಳೆಯುವ ಕೆಲಸ. ಹೊಸ ಫಿಲ್ಟರು ಹಾಕಿಸಿ, ಹೊರಗಿನ ಗಾಳಿಯನ್ನು ಹಗಲೂ ರಾತ್ರಿ ನುಗ್ಗಿಸಿದೆವು. ಬಾಡಿಗೆಗೆ ಒಂದು ಕೈಮೀಟರು ತಂದೆ. ಆವಿ ಎಷ್ಟಿದೆಯೆಂದು ನಿಂತಲ್ಲೇ ತೋರಿಸುತ್ತದೆ. ಗಾಳಿ ನುಗ್ಗುತ್ತಿರುವಾಗ ಅಂಕೆ ಇಳಿಯಿತು. ಪರೀಕ್ಷೆಯ ಕ್ರಮದಂತೆ ಎಲ್ಲ ಮುಚ್ಚಿ, ಏಸಿ ಮಾಮೂಲಿಗೆ ತಿರುಗಿಸಿದರೆ ಮಾರನೆಯ ಬೆಳಿಗ್ಗೆ ಮತ್ತೆ ಮೇಲೇರಿ ಕೂತಿತ್ತು. ಅಂದರೆ ಹಳೆಯ ಆವಿ ಉಳಿದುಕೊಂಡಿರುವುದಲ್ಲ, ಒಳಗೆ ಎಲ್ಲೋ ಹೊಸದು ಹುಟ್ಟುತ್ತಿದೆ. ಲ್ಯಾಬಿನ ವರದಿ ಆವಿಯ ಒಟ್ಟು ಮೊತ್ತ ಹೇಳುತ್ತದೆಯೇ ಹೊರತು ಅದು ಯಾವುದರ ಆವಿ ಎಂದು ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ, ಅಷ್ಟು ಸಮಯ ನಮ್ಮ ಹತ್ತಿರ ಇರಲಿಲ್ಲ.

ಮೀಟರು ಹಿಡಿದು ಜನ ಕೂರುವ ಜಾಗಗಳನ್ನೆಲ್ಲ ಮಹಡಿ ಮಹಡಿ ಸುತ್ತಿದೆ. ಎಲ್ಲ ಮಹಡಿಯಲ್ಲೂ ಕಾಫಿ ಮಾಡಿಕೊಳ್ಳುವ ಪ್ಯಾಂಟ್ರಿಯ ಬಳಿ ಅಂಕೆ ಏರುತ್ತಿತ್ತು. ಅಲ್ಲಿ ಸಿಂಕಿನ ಕೆಳಗೆ ಪ್ಲೈವುಡ್ಡಿನ ಬೀರುಗಳಿದ್ದವು. ಕಳ್ಳ ಸಿಕ್ಕಿಬಿದ್ದ ಎಂದುಕೊಂಡೆ. ಮರಗೆಲಸದ ಮೇಸ್ತ್ರಿಯನ್ನು ಕರೆಸಿ, ಯಾವ ಅಂಟು ಬಳಸಿದ್ದೀಯ ಎಂದು ಜೋರು ಮಾಡಿದೆ. ನೀವು ಹೇಳಿದ್ದನ್ನೇ ಬಳಸಿದ್ದೇನೆ ಎಂದು ಅವನು ಖಾಲಿ ಡಬ್ಬಗಳನ್ನು ತಂದು ನನ್ನ ಮುಂದೆ ಸಾಲಾಗಿ ಇಟ್ಟ. ನನಗೆ ನಂಬಿಕೆ ಬರಲಿಲ್ಲ. ಒಂದು ಮಹಡಿಯ ಬೀರಿನ ಬಾಗಿಲುಗಳನ್ನೆಲ್ಲ ಕಳಚಿಸಿ ಅಂಗಳಕ್ಕೆ ಹಾಕಿಸಿದೆ. ಮಾರನೆಯ ದಿನ ಅಂಕೆ ಅಲ್ಲಾಡಿರಲಿಲ್ಲ. ಮೇಸ್ತ್ರಿ ಬಾಗಿಲು ವಾಪಸು ಜೋಡಿಸುವಾಗ ಸ್ಕ್ರೂಗಳನ್ನು ಅಗತ್ಯಕ್ಕಿಂತ ಜೋರಾಗಿ ತಿರುಗಿಸಿದ.

ಮರುಪರೀಕ್ಷೆಗೆ ದಿನ ಕೇಳಲು ಲ್ಯಾಬಿನವನಿಗೆ ಫೋನು ಮಾಡಿದೆ. ಅವನು ಬಹಳ ವರ್ಷಗಳಿಂದ ಪರಿಚಯ. ನನ್ನ ದನಿ ಕೇಳಿಯೇ ಕಷ್ಟ ತಿಳಿದುಕೊಂಡ.

"ಮೇಡಂ, ಇಷ್ಟಕ್ಕೆಲ್ಲ ಯಾಕ್ ತಲೆ ಕೆಡಿಸ್ಕೊಳ್ತೀರಾ? ಹಿಂದಿನ ದಿನ ಪೂರ್ತಿ ಕಿಟಕಿ ತೆಗೆದಿಡಿ. ನಾನು ಪಂಪ್‌ನ ಸ್ವಲ್ಪ ಕಿಟಕಿ ಪಕ್ಕಕ್ಕೆ ಸರಿಸಿ ಇಡ್ತೀನಿ. ಪಾಸಾಗತ್ತೆ. ಎಲ್ರೂ ಹಂಗೇ ಮಾಡೋದು."

ಎಲ್ಲರೂ ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಅವಳೂ ಹೀಗೇ ಮಾಡಿರಬೇಕು, ಇಲ್ಲದಿದ್ದರೆ ಮೊದಲನೆಯ ಸಲಕ್ಕೇ ಹೇಗೆ ಪಾಸಾದಳು? ಎಷ್ಟು ತಿಂಗಳಿಂದ ನಾನು ಕೇಳಲು ಕಾದಿದ್ದ ಮಾತು ಅದು.

"ಎಲ್ರೂ ಅಂದ್ರೆ? ನಮ್ ಎದುರುಗಡೆ ಬಿಲ್ಡಿಂಗ್‌ನವ್ರೂನಾ?" ಎಂದು ಏನೂ ಗೊತ್ತಿಲ್ಲದವಳಂತೆ ಕೇಳಿದೆ.

"ಇಲ್ಲ ಮೇಡಂ, ಅವ್ರೊಬ್ರು ಮಾತ್ರ ಒಪ್ಲಿಲ್ಲ. ಟೇಪ್ ಹಿಡ್ಕೊಂಡು ಕಿಟಕಿಯಿಂದ ಎಷ್ಟು ದೂರ ಅಂತ ಅಳೆದು ಇಡಿಸಿದ್ರು. ತುಂಬಾ ಸ್ಟ್ರಿಕ್ಟ್."

ಟೇಪು ಹಿಡಿದು ಅಳೆದು ಇಡಿಸುವುದನ್ನು ಅವಳಿಗೆ ಕಲಿಸಿದ್ದು ನಾನು. ಫೋನು ಇಟ್ಟೆ. ಕಿಟಕಿ ತೆರೆದಿಟ್ಟು ಪಾಸಾಗಿಬಿಡಬಹುದಿತ್ತು, ಮಂಡಳಿಗೆ ಗೊತ್ತಾಗುವ ಸಂಭವವೂ ಇರಲಿಲ್ಲ. ಆದರೆ ಅವಳದು ನಿಜವಾದ ಪ್ಲಾಟಿನಂ, ನನ್ನದು ಕಿಟಕಿ ಪಕ್ಕದ ಪ್ಲಾಟಿನಂ ಆಗುತ್ತಿತ್ತು. ದಿನಾ ಆಟೊ ಇಳಿದಾಗ ಎರಡೂ ಫಲಕ ಎದುರುಬದುರು ಕಾಣುವುದನ್ನು ಯೋಚಿಸಿದೆ. ಸತ್ಯದ ಮೇಲಿನ ಪ್ರೀತಿಯಿಂದ ನಾನು ಬೇಡವೆಂದೆ ಎಂದು ಹೇಳಿಕೊಂಡರೆ ಅದು ಸುಳ್ಳಾಗುತ್ತದೆ. ಅವಳಿಗಿಂತ ಕಡಿಮೆಯಾಗುವುದು ನನಗೆ ಆಗುತ್ತಿರಲಿಲ್ಲ.

ಹಾಗೆಂದುಕೊಂಡ ಮೇಲೆ ಉಳಿದದ್ದು ಒಂದೇ ದಾರಿ, ಅವಳನ್ನೇ ಕೇಳುವುದು. ಆ ದಾರಿಗೆ ಬರಲು ನನಗೆ ಇಡೀ ಒಂದು ದಿನ ಹಿಡಿಯಿತು. ಮಂಡಳಿಯ ಕೈಪಿಡಿಯನ್ನು ಮತ್ತೆ ಓದಿದೆ, ಹೈದರಾಬಾದಿನ ಗೆಳೆಯನೊಬ್ಬನಿಗೆ ಫೋನು ಮಾಡಿ ಕೇಳಿದೆ, ಕೊನೆಗೆ ಬಣ್ಣದ ಕಂಪನಿಯವರ ಜೊತೆ ಜಗಳವಾಡಿದೆ. ಅವಳ ಹೆಸರನ್ನು ಫೋನಿನಲ್ಲಿ ಎರಡು ಸಲ ತೆಗೆದು ಎರಡು ಸಲ ಮುಚ್ಚಿದೆ. ಮೂರನೆಯ ಸಲ ಒತ್ತಿಯೇಬಿಟ್ಟೆ.

"ಅಕ್ಕಾ!" ಎಂದಳು. ಅಷ್ಟು ಖುಷಿಯಾಗುವ ಅಗತ್ಯವೇನಿತ್ತೋ. "ಎಷ್ಟ್ ದಿನ ಆಯ್ತು ನಿಮ್ ದನಿ ಕೇಳಿ!"

ವಿಷಯ ಹೇಳಿದೆ. ಅವಳು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡಳು. "ನಾಳೆ ಹೇಗೂ ಎದುರುಗಡೆ ಮೀಟರ್ ರೀಡಿಂಗ್ ನೋಡೋಕೆ ಬರ್ತಿದ್ದೀನಿ. ಒಂದ್ ಸಲ ಬಂದು ಹೋಗ್ಲಾ? ನಮ್ ಓನರ್‌ಗೆ ಗೊತ್ತಾದ್ರೆ ಬೇಜಾರ್ ಮಾಡ್ಕೋತಾರೆ, ಮಧ್ಯಾಹ್ನ ಊಟದ ಹೊತ್ತಿಗೆ ಬರ್ತೀನಿ."

"ನಮ್ಮವ್ರಿಗೂ ಗೊತ್ತಾಗ್ಬಾರ್ದು. ಬೇಸ್‌ಮೆಂಟ್ ಕಡೆಯಿಂದ ಬಾ," ಎಂದೆ.

ಮಾರನೆಯ ದಿನ ಮಧ್ಯಾಹ್ನ ತಲೆಗೆ ದುಪಟ್ಟ ಹೊದ್ದುಕೊಂಡು ಕಾರು ಇಳಿಯುವ ದಾರಿಯಲ್ಲಿ ನಡೆದು ಬಂದಳು. ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳ ಮುನಿಸಿಗೆ ನಾವಿಬ್ಬರು ಹೆಂಗಸರು ಕಳ್ಳರಂತೆ ಲಿಫ್ಟ್ ಹತ್ತಿದೆವು. ಎರಡನೆಯ ಮಹಡಿಯಲ್ಲಿ ಇಳಿದಳು. ನಾನು ಮೀಟರಿನ ಅಂಕೆಗಳನ್ನು ಒಂದೊಂದಾಗಿ ಹೇಳತೊಡಗಿದೆ. ಪ್ಯಾಂಟ್ರಿ, ಪ್ಲೈವುಡ್ಡು, ಅಂಟಿನ ಡಬ್ಬ, ಕಳಚಿಸಿದ ಬಾಗಿಲು. ಅವಳು ಹೂಂಗುಟ್ಟುತ್ತಾ ಸುತ್ತ ನೋಡಿದಳು.

"ಒಂದ್ ನಿಮಿಷ ಅಕ್ಕಾ, ಕೈ ತೊಳ್ಕೊಂಡು ಬರ್ತೀನಿ. ಮೀಟರ್ ರೂಮಲ್ಲಿ ಪೂರ್ತಿ ಧೂಳು."

ಹೋದವಳು ಬೇಗ ಬಂದಳು. ಒಂದು ಟಿಷ್ಯೂ ಕಾಗದದ ಮೇಲೆ ನಾಲ್ಕು ಬಿಳಿಯ ಗುಳಿಗೆ ಇಟ್ಟುಕೊಂಡಿದ್ದಳು. ಬೀರಿನಲ್ಲಿ ಸೀರೆಗೆ, ಬಚ್ಚಲಲ್ಲಿ ಜಿರಳೆಗೆ ಹಾಕುವ ನುಸಿಗುಳಿಗೆ.

"ಅಕ್ಕಾ, ಇವು ಎಲ್ಲಾ ವಾಷ್ ಬೇಸಿನ್‌ಲೂ ಇದ್ಯಾ?"

"ಇರತ್ತೆ. ಅದಕ್ಕೇನೀಗ?" ಎಂದೆ.

ಅಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ವಾರಗಟ್ಟಲೆ ಆ ಬೇಸಿನ್ನುಗಳಲ್ಲಿ ಕೈ ತೊಳೆದಿದ್ದೇನೆ. ಗುಳಿಗೆಗಳು ಕಣ್ಣಿಗೆ ಬಿದ್ದಿದ್ದವು, ತಲೆಗೆ ಹೋಗಿರಲಿಲ್ಲ. ನಮ್ಮ ಮನೆಯಲ್ಲಿ ನಾನು ಹುಟ್ಟುವುದಕ್ಕೆ ಮುಂಚಿನಿಂದಲೂ ಇವೆ. ಅಮ್ಮನ ರೇಷ್ಮೆ ಸೀರೆಗೂ ಅದೇ ವಾಸನೆ, ನೆಂಟರ ಮನೆಯ ಬಚ್ಚಲಿಗೂ ಅದೇ ವಾಸನೆ. ನನ್ನ ಮೂಗಿಗೆ ಅದು ವಾಸನೆಯೇ ಅಲ್ಲ, ಮನೆ ಚೊಕ್ಕಟವಾಗಿದೆ ಎನ್ನುವುದರ ಗುರುತು. ಗುಳಿಗೆ ಕರಗಿ ಕರಗಿ ಕಡಲೆಕಾಳಿನಷ್ಟಾಗಿ ಮಾಯವಾಗುವುದನ್ನು ನೋಡಿದ್ದೆನೇ ಹೊರತು, ಅದು ಹೋಗುವುದು ಗಾಳಿಗೇ ಎಂದು ಒಂದು ಸಲವೂ ಯೋಚಿಸಿರಲಿಲ್ಲ. ಮೀಟರು ಲೆಕ್ಕ ಹಾಕುತ್ತಿದ್ದದ್ದು ಅದನ್ನೇ.

ಅವಳು ಟಿಷ್ಯೂ ಕಾಗದವನ್ನು ಮೇಜಿನ ಮೇಲಿಟ್ಟು ಹಿಂದೆ ಸರಿದಳು. ಮೀಟರನ್ನು ನಾನೇ ಹಿಡಿಯಲಿ ಎಂದು. ಆ ಮರ್ಯಾದೆಯೂ ನನಗೆ ಚುಚ್ಚಿತು. ಮೀಟರು ಹತ್ತಿರ ತಂದಾಗ ಅಂಕೆ ಎದ್ದು ಕೂಗಿಕೊಂಡಿತು.

"ನಮ್ ಅಜ್ಜಿನೂ ಎಲ್ಲಾ ಕಡೆ ಹಾಕೋರು ಅಕ್ಕಾ. ನಂಗೆ ತಲೆನೋವು ಬರ್ತಿತ್ತು, ಅದಕ್ಕೇ ಗೊತ್ತಾಯ್ತು ಅಷ್ಟೆ," ಎಂದಳು. ಇದರಲ್ಲೇನೂ ತನ್ನ ಹೆಚ್ಚುಗಾರಿಕೆ ಇಲ್ಲ ಎನ್ನುವಂತೆ. ಥ್ಯಾಂಕ್ಸ್ ಎಂದೆ. ಅವಳು ಬಂದ ದಾರಿಯಲ್ಲೇ ಇಳಿದು ಹೋದಳು. ಯಾರೂ ನೋಡಲಿಲ್ಲ.

ನಾನು ಕೆಳಗೆ ಹೋಗಿ ಅತ್ತೆಮ್ಮನನ್ನು ಕೇಳಿದೆ. ಅವರು ಹೆಮ್ಮೆಯಿಂದಲೇ ಒಪ್ಪಿಕೊಂಡರು.

"ನೀನೇ ಅಂದ್ಯಲ್ಲವ್ವ, ಎಣ್ಣೆ ಹೊಡೀಬ್ಯಾಡಿ ಅಂತ. ಹೊಡೀಲಿಲ್ಲ. ಅದ್ಕೇ ಗುಳ್ಗೆ ಹಾಕ್ದೆ. ಹೊಸ ಬಿಲ್ಡಿಂಗು, ಜಿರ್ಲೆ ಸೇರ್ಕೊಂಡ್ರೆ ಬುಟ್ಟಾವಾ?"

"ಎಲ್ಲೆಲ್ಲಿ ಹಾಕಿದ್ದೀರಾ ಅತ್ತೆಮ್ಮ?"

"ಎಲ್ಲೆಲ್ಲಿ ತೂತ್ ಅದೋ ಅಲ್ಲೆಲ್ಲ."

ಔಷಧಿ ಬೇಡವೆಂದು ತಡೆದವಳು ನಾನೇ. ಅದರ ಬದಲು ಜಿರಳೆಗೆ ಏನು ಮಾಡಬೇಕೆಂದು ಹೇಳುವುದನ್ನು ಮರೆತಿದ್ದೆ. ಅತ್ತೆಮ್ಮ ತಮಗೆ ತಿಳಿದದ್ದನ್ನು ಮನಸ್ಸಿಟ್ಟು ಮಾಡಿದ್ದರು. ಇಬ್ಬರೂ ಬಕೆಟ್ ಹಿಡಿದು ಮೇಲಿನ ಮಹಡಿಯಿಂದ ಶುರುಮಾಡಿದೆವು. ಬೇಸಿನ್ನಿನಲ್ಲಿ ಕಂಡವು ಸ್ವಲ್ಪವೇ. ನೆಲದ ಜಾಲಿಗಳನ್ನು ಎತ್ತಿದರೆ ಅಡಿಯಲ್ಲಿ ಹಿಡಿ ಹಿಡಿ ಇದ್ದವು. ಪ್ಯಾಂಟ್ರಿಯ ಸಿಂಕಿನ ಕೆಳಗೆ, ಪೈಪು ಗೋಡೆಯೊಳಗೆ ಹೋಗುವ ಸಂದಿಯಲ್ಲಿ ಬಟ್ಟೆಯ ಗಂಟು ಕಟ್ಟಿ ತುರುಕಿದ್ದರು. ಮೇಸ್ತ್ರಿಯ ಬಾಗಿಲುಗಳನ್ನೆಲ್ಲ ಕಳಚಿಸಿದವಳು ನಾನು, ಆ ಸಂದಿಗೆ ಕೈ ಹಾಕಿರಲಿಲ್ಲ. ಅತ್ತೆಮ್ಮನಿಗೆ ಒಂದೊಂದು ತೂತೂ ನೆನಪಿತ್ತು. ಸಂಜೆಯ ಹೊತ್ತಿಗೆ ಬಕೆಟ್ ಮುಕ್ಕಾಲು ತುಂಬಿತು. ಜಾಲಿಗಳನ್ನು ಬಿಸಿನೀರಿನಲ್ಲಿ ತೊಳೆಸಿ, ತೂತುಗಳಿಗೆ ಸಣ್ಣ ಕಣ್ಣಿನ ತಂತಿಬಲೆ ಹಾಕಿಸಿದೆ. ಮೇಸ್ತ್ರಿಗೆ ಫೋನು ಮಾಡಿ ತಪ್ಪು ನಿಂದಲ್ಲ ಎಂದೆ. "ನಂಗೊತ್ತಿತ್ತು ಮೇಡಂ," ಎಂದು ಇಟ್ಟುಬಿಟ್ಟ.

ಹೊರಗಿನ ಗಾಳಿ ಮತ್ತೆ ನುಗ್ಗಿತು. ಈ ಸಲ ಎಲ್ಲ ಮುಚ್ಚಿಟ್ಟ ಮೇಲೂ ಅಂಕೆ ಕೆಳಗೇ ನಿಂತಿತು. ಲ್ಯಾಬಿನವನು ಬಂದಾಗ ಪಂಪು ಇಡುವ ಜಾಗಗಳನ್ನು ನಾನು ಟೇಪು ಹಿಡಿದು ಅಳೆದೆ. "ನೀವೂ ಅವ್ರ ಥರಾನೇ ಆಗೋದ್ರಲ್ಲ ಮೇಡಂ," ಎಂದ. ನಾನು ಮುಖ ಗಂಟು ಹಾಕಿಕೊಂಡೆ. ವರದಿ ಪೂಜೆಯ ಹಿಂದಿನ ದಿನ ಬಂತು. ಪಾಸು.

ಮಂಡಳಿಯವರು ಕೇಳಿದ ಸ್ಪಷ್ಟೀಕರಣಗಳು, ನಾವು ಕೊಟ್ಟ ಉತ್ತರಗಳು, ಮತ್ತೆ ಅವರು ಕೇಳಿದ್ದು, ಹೀಗೆ ಕೆಲವು ತಿಂಗಳು ಕಳೆದ ಮೇಲೆ ಪ್ಲಾಟಿನಂ ಬಂತು. ಯಜಮಾನರು ಫಲಕ ಹಾಕಿಸುವುದಕ್ಕೆ ಸಣ್ಣ ಸಮಾರಂಭ ಇಟ್ಟರು. ಮಾತಿಲ್ಲದ ತಮ್ಮನನ್ನೂ ಊಟಕ್ಕೆ ಕರೆದಿದ್ದರು. ರಾಜಿಯಾಗಲು ಕರೆದದ್ದಲ್ಲ, ತೋರಿಸಲು ಕರೆದದ್ದು. ಅವನು ಬರದೆ ಇದ್ದರೆ ಸೋತಂತೆ ಎಂದು ಬಂದ. ಒಬ್ಬನೇ ಬರಲು ಇಷ್ಟವಿಲ್ಲದೆ ತನ್ನ ಕಟ್ಟಡದ ಮೇಡಂ ಅನ್ನೂ ಜೊತೆಗೆ ಕರೆತಂದ.

ಯಜಮಾನರಿಗೆ ನುಸಿಗುಳಿಗೆಯ ಕಥೆ ಅತ್ತೆಮ್ಮನ ಬಾಯಿಂದ ತಿಳಿದಿತ್ತು. ಅತ್ತೆಮ್ಮ ಕಂಡಿದ್ದು ನನ್ನನ್ನು ಮಾತ್ರ. ಹಾಗಾಗಿ ಕಂಡುಹಿಡಿದವಳು ನಾನೇ ಎಂದು ಇಡೀ ಮನೆ ನಂಬಿತ್ತು. ನಾನು ಅಲ್ಲವೆಂದು ಹೇಳಿರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ.

ಪಾಯಸದ ಲೋಟ ಹಿಡಿದು ನಿಂತಿದ್ದ ತಮ್ಮನ ಕಡೆ ತಿರುಗಿ ಯಜಮಾನರು ಎಲ್ಲರಿಗೂ ಕೇಳುವಂತೆ ಶುರುಮಾಡಿದರು. "ನಮ್ ಮೇಡಂ ಮೂಗು ಅಂದ್ರೆ ಮೂಗು ಕಣಪ್ಪ. ಏನ್ ತೊಂದ್ರೆ ಅಂತ ಲ್ಯಾಬ್‌ನೋರ್ಗೇ ಗೊತ್ತಾಗ್ಲಿಲ್ಲ. ಇವ್ರು ಹಿಂಗ್ ಬಂದು ಹಿಂಗ್ ಹಿಡುದ್ರು. ನಿಮ್ ಮೇಡಂ ಕೈಲಿ ಆಗ್ತಿತ್ತಾ?"

ಲೋಟದೊಳಗೆ ನೋಡಿದ ತಮ್ಮ. ಅವಳು ಅವನ ಪಕ್ಕದಲ್ಲೇ ನಿಂತಿದ್ದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ಇಲ್ಲ ಸಾರ್, ನಂಗೆಲ್ಲಿ ಆಗತ್ತೆ? ನಾನು ಕೆಲ್ಸ ಕಲ್ತಿದ್ದೇ ಅಕ್ಕನ ಹತ್ರ," ಎಂದು ನಕ್ಕಳು. ನನ್ನ ಕಡೆ ನೋಡಲೂ ಇಲ್ಲ. ನೋಡಿದರೆ ನನಗೆ ಮುಜುಗರವಾಗುತ್ತದೆ ಎಂದು ಅದನ್ನೂ ಯೋಚಿಸಿದ್ದಳು.

ಉತ್ತರಹಳ್ಳಿಯ ಕೆಲಸ ನನ್ನ ಕೈಗೆ ಬಂದಾಗಿತ್ತು. ಫಲಕ ಗೋಡೆಯ ಮೇಲಿತ್ತು. ಇನ್ನು ಬಾಯಿ ಮುಚ್ಚಿಕೊಂಡು ಪಾಯಸ ಕುಡಿದರೆ ಸಾಕಿತ್ತು. ಆದರೆ ಅವಳ ಆ ನಗು ನನ್ನಿಂದ ಸಹಿಸಲಾಗಲಿಲ್ಲ. ಅಂಕವೂ ಅವಳು ಕೊಟ್ಟದ್ದು, ಈಗ ಮರ್ಯಾದೆಯೂ ಅವಳು ಕೊಡುತ್ತಿರುವುದು.

"ಅದನ್ನ ಕಂಡುಹಿಡಿದಿದ್ದು ನಾನಲ್ಲ ಸಾರ್," ಎಂದೆ. "ಇವಳು. ನಾನೇ ಕರೆಸಿದ್ದೆ. ಬೇಸ್‌ಮೆಂಟ್ ಕಡೆಯಿಂದ ಬಂದು ಹೇಳಿ ಹೋದ್ಲು."

ತಮ್ಮ ಮೊದಲು ಅವಳನ್ನು ನೋಡಿದ, ಆಮೇಲೆ ಅಣ್ಣನನ್ನು ನೋಡಿ ಗಹಗಹಿಸಿ ನಗತೊಡಗಿದ. ಯಜಮಾನರ ಮುಖ ಕೆಂಪಗಾಯಿತು. ಆದರೆ ಅವರು ಸೋತು ಮನೆಗೆ ಹೋಗುವ ಪೈಕಿಯವರಲ್ಲ. ಸ್ವಲ್ಪ ಹೊತ್ತು ಮೀಸೆ ತೀಡಿಕೊಂಡು, ನನ್ನನ್ನು ದಾಟಿ ಅವಳ ಮುಂದೆ ಹೋಗಿ ನಿಂತರು.

"ಹಂಗಾದ್ರೆ ಉತ್ತರಹಳ್ಳಿದು ನೀವೇ ನೋಡ್ಕೊಳಮ್ಮ. ನಾಳೆಯಿಂದ ನೀವು ನಮ್ ಕಡೆ."

ತಮ್ಮನ ನಗು ನಿಂತುಹೋಯಿತು. ಅಣ್ಣ ಗೆದ್ದಿದ್ದ. ನಾನು ಲೋಟ ಕೆಳಗಿಟ್ಟು ಚಪ್ಪಲಿ ಹುಡುಕಿಕೊಂಡು ಗೇಟಿನ ಕಡೆ ನಡೆದೆ.

ಅವಳು ಓಡಿ ಬಂದು ನನ್ನ ಕೈ ಹಿಡಿದಳು. ಕಣ್ಣಲ್ಲಿ ನೀರಿತ್ತು. "ನಾನ್ ಒಪ್ಕೊಳಲ್ಲ ಅಕ್ಕಾ. ಅದು ನಿಮ್ ಕೆಲ್ಸ."

"ಸುಮ್ನೆ ಒಪ್ಕೋ. ಬೇಡ ಅಂದು ಇನ್ನೊಂದ್ ಉಪಕಾರ ಮಾಡ್ಬೇಡ."

"ಯಾಕ್ ಹೇಳಿದ್ರಿ ಅಕ್ಕಾ? ನಾನು ಯಾರ್ ಹತ್ರಾನೂ ಬಾಯ್ ಬಿಡ್ತಿರ್ಲಿಲ್ಲ. ಸಾಯೋವರ್ಗೂ ಬಿಡ್ತಿರ್ಲಿಲ್ಲ."

"ಗೊತ್ತು ಕಣೇ," ಎಂದೆ. "ಅದಕ್ಕೇ ಹೇಳಿದ್ದು."